ನೋಡಿಕೊಳ್ಳುವವರನ್ನು ನೋಡುವವರು ಯಾರು?

ವೈದ್ಯಕೀಯ ಶಿಬಿರದ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತ ತಾಯಿಯೊಬ್ಬರನ್ನು ಮಾತಾಡಿಸಿ ನೋಡಿ. ಮಗುವಿನ ತೂಕ ಎಷ್ಟು, ಅಪಸ್ಮಾರದ ಮಾತ್ರೆ ಹೊತ್ತಿಗೆ ಎಷ್ಟು, ಕಳೆದ ತಿಂಗಳು ಎಷ್ಟು ಸಲ ಫಿಟ್ಸ್ ಬಂತು ಎಂಬುದನ್ನೆಲ್ಲ ಚೀಟಿ ನೋಡದೆ ಹೇಳುತ್ತಾರೆ. ‘ನಿಮ್ಮ ಬಿ.ಪಿ. ಕೊನೆಯ ಸಲ ನೋಡಿಸಿದ್ದು ಯಾವಾಗ ಅಕ್ಕ?’ ಎಂದು ಕೇಳಿದರೆ ಮಾತ್ರ ನಗುತ್ತಾರೆ. ಆ ನಗುವಿನ ಹಿಂದೆ ಇರುವುದನ್ನು ಕುರಿತೇ ಇಂದಿನ ಮಾತು.

ವಿಶೇಷ ಅಗತ್ಯಗಳುಳ್ಳ ಮಕ್ಕಳೆಂದರೆ ಒಂದೇ ಬಗೆಯವರಲ್ಲ. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದುಕೊಂಡವರಿದ್ದಾರೆ, ಬುದ್ಧಿಯ ಬೆಳವಣಿಗೆ ನಿಧಾನವಾದವರಿದ್ದಾರೆ, ಆಟಿಸಂ ಇರುವವರಿದ್ದಾರೆ, ಹಾಸಿಗೆಯಿಂದ ಏಳಲಾಗದವರೂ ಇದ್ದಾರೆ. ಅವರಿಗೆ ಬೇಕಾದ ಚಿಕಿತ್ಸೆ, ಶಿಕ್ಷಣ, ಪಿಂಚಣಿಗಳ ವಿಚಾರ ಅಷ್ಟಿಷ್ಟಾದರೂ ಚರ್ಚೆಯಾಗುತ್ತದೆ. ಆದರೆ ಹತ್ತು ವರ್ಷ, ಇಪ್ಪತ್ತು ವರ್ಷ, ಒಮ್ಮೊಮ್ಮೆ ನಲವತ್ತು ವರ್ಷ ಒಂದೇ ಮನೆಯಲ್ಲಿ ಒಬ್ಬರೇ ನಡೆಸುವ ಆರೈಕೆಯ ವಿಚಾರ ಬಂದರೆ ‘ತಾಯಿಯ ತ್ಯಾಗ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ತ್ಯಾಗವೆಂದು ಹೊಗಳಿದ ಮೇಲೆ ಸಹಾಯ ಮಾಡುವ ಅಗತ್ಯ ಉಳಿಯುವುದಿಲ್ಲವಲ್ಲ!

ಈ ವಿಷಯವನ್ನು ಕಾಸರಗೋಡಿನ ಅನುಭವದಿಂದಲೇ ವಿವರಿಸಬಹುದು. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ಗುಡ್ಡದ ಮೇಲೆ ತೋಟ, ಕೆಳಗೆ ಸುರಂಗ, ಬಾವಿ, ತೋಡು, ಮನೆ. ಎಣ್ಮಕಜೆ, ಕುಂಬಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ 11 ಪಂಚಾಯತುಗಳು ಬಾಧಿತವೆಂದು ಗುರುತಿಸಲ್ಪಟ್ಟವು. ಇವುಗಳಲ್ಲಿ ಕೆಲವು ಕನ್ನಡ ಶಾಲೆಗಳ, ತುಳು ಮನೆಗಳ ಊರುಗಳು.

ಆ ಕಾಲದಲ್ಲಿ ಒಂದೊಂದು ಮನೆಯವರೂ ತಮ್ಮ ಮನೆಗೆ ಮಾತ್ರ ಹೀಗಾಯಿತೆಂದೇ ನಂಬಿದ್ದರು. ನಾಗದೋಷವೋ, ದೈವದ ಕೋಪವೋ, ಹಿಂದಿನ ಜನ್ಮದ ಕರ್ಮವೋ ಎಂದು ಪ್ರಶ್ನೆ ಇಡಿಸಿದರು, ಪರಿಹಾರ ಮಾಡಿಸಿದರು. ಮಗುವನ್ನು ಒಳಕೋಣೆಯಲ್ಲಿ ಮಲಗಿಸಿದರು. ಪಡ್ರೆ ಪರಿಸರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರೆದಾಗ, ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ, ಅದು ಒಂದು ಮನೆಯ ಶಾಪವಲ್ಲ, ಊರಿನ ಪ್ರಶ್ನೆ ಎಂಬುದು ಹೊರಗೆ ಬಂತು. ವಾಣೀನಗರದ ಶಾಲಾ ಮಕ್ಕಳನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪರೀಕ್ಷಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ಉತ್ಪಾದನೆ ಮತ್ತು ಬಳಕೆಯನ್ನು ತಡೆಯಿತು. ಯಾವ ಮಗುವಿನ ಯಾವ ತೊಂದರೆಗೆ ಆ ವಿಷವೇ ಕಾರಣ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಅದು ತೀರ್ಮಾನವಾಗುವ ತನಕ ಮಗುವಿಗೆ ಗಂಜಿ ಉಣಿಸುವುದನ್ನು ಯಾರೂ ನಿಲ್ಲಿಸುವಂತಿಲ್ಲ.

ಇದರಲ್ಲಿ ಹೆತ್ತವರಿಗೆ ಸಂಬಂಧಿಸಿದ ಸಂಗತಿ ಒಂದಿದೆ. ಒಂಟಿಯಾಗಿದ್ದಾಗ ತಾಯಿಯ ಮೇಲೆ ಹೊರಿಸಿದ ತಪ್ಪು, ಹತ್ತು ತಾಯಂದಿರು ಒಂದೇ ಜಗಲಿಯಲ್ಲಿ ಕುಳಿತಾಗ ಅವಳ ತಲೆಯಿಂದ ಇಳಿಯಿತು. ವಿಷದ ಕತೆ ಇಲ್ಲದ ಊರುಗಳಲ್ಲೂ ಇದು ಹೀಗೆಯೇ. ಹೆರಿಗೆಯ ಹೊತ್ತಿಗೆ ಮಿದುಳಿಗೆ ಆಮ್ಲಜನಕ ಸಾಲದೆ ಹೋದದ್ದಿರಬಹುದು, ಶಿಶುವಿನ ಕಾಮಾಲೆ ವಿಪರೀತಕ್ಕೆ ಹೋದದ್ದಿರಬಹುದು, ವಂಶವಾಹಿಯ ವ್ಯತ್ಯಾಸವಿರಬಹುದು; ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದು ಕಾರಣವಲ್ಲ. ಅದನ್ನು ಡಾಕ್ಟರರು ಹೇಳಿದರೆ ‘ಆಯಿತು’ ಎಂದು ತಲೆ ಆಡಿಸಿ ಬರುತ್ತೀರಿ. ಅದೇ ಮಾತನ್ನು, ಅದೇ ಬೈಗುಳ ತಿಂದ ಇನ್ನೊಬ್ಬ ತಾಯಿ ‘ನನಗೂ ಹಾಗೇ ಹೇಳಿದ್ದರು ಅಕ್ಕ, ನಾನೂ ಆರು ವರ್ಷ ಅದನ್ನೇ ನಂಬಿದ್ದೆ’ ಎಂದಾಗ ಮನಸ್ಸಿನ ಒಳಗೆ ಇಳಿಯುತ್ತದೆ. ಸಮಾನ ದುಃಖಿಗಳ ಒಡನಾಟಕ್ಕೆ ಔಷಧಿಯ ಅಂಗಡಿಯಲ್ಲಿ ಸಿಗದ ಒಂದು ಗುಣವಿದೆ ಎನ್ನುವುದು ಇದಕ್ಕೇ.

ಹಾಗಾದರೆ ಕೂಟವನ್ನು ಹೇಗೆ ಕಟ್ಟುವುದು? ದೊಡ್ಡ ಸಂಘ, ನೋಂದಣಿ, ಅಧ್ಯಕ್ಷರು, ಹಾರತುರಾಯಿ ಏನೂ ಬೇಡ. ನಾಲ್ಕೈದು ಮನೆ ಸಾಕು. ಕೇರಳದಲ್ಲಿ 1998ರಿಂದ ಕುಟುಂಬಶ್ರೀಯ ನೆರೆಕೂಟಗಳು ನಡೆಯುತ್ತಿವೆ. ವಾರಕ್ಕೊಮ್ಮೆ ಸೇರಿ ಲೆಕ್ಕ ಬರೆಯುವ ಅಭ್ಯಾಸ ನಮ್ಮ ಹೆಂಗಸರಿಗೆ ಹೊಸದಲ್ಲ. ಅಕ್ಕಲಕೋಟೆ, ಜತ್ತದ ಕಡೆ ಬಚತ್ ಗಟಗಳಿವೆ. ತಾಳವಾಡಿ, ಹೊಸೂರಿನಲ್ಲಿ ಮಹಳಿರ್ ಕುಳುಗಳಿವೆ. ಆದವಾನಿ, ರಾಯದುರ್ಗದಲ್ಲಿ ಡ್ವಾಕ್ರಾ ಗುಂಪುಗಳು ಮನೆಮಾತಾಗಿವೆ. ಆದರೆ ಆ ಗುಂಪಿನ ಸಭೆಗೆ ಬಾರದೆ ಮನೆಯಲ್ಲಿ ಉಳಿಯುವವಳು ಇಂಥ ಮಗುವಿನ ತಾಯಿಯೇ. ಮಗುವನ್ನು ಬಿಟ್ಟು ಬರುವಂತಿಲ್ಲ, ಕರೆತಂದರೆ ಗಲಾಟೆ ಎಂಬ ಅಂಜಿಕೆ. ಆದ್ದರಿಂದ ಈ ಕೂಟ ಮಗುವಿರುವ ಮನೆಯಲ್ಲಿಯೇ, ಸರದಿಯಂತೆ, ಮಕ್ಕಳ ಸಮೇತ ನಡೆಯಬೇಕು. ಮಗು ಕೂಗಿದರೆ, ಚಾ ಚೆಲ್ಲಿದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆ ನೆಮ್ಮದಿ ಎಷ್ಟು ದೊಡ್ಡದು ಎಂಬುದು, ಮದುವೆಮನೆಯಲ್ಲಿ ‘ಮಗುವನ್ನು ಮನೆಯಲ್ಲೇ ಬಿಟ್ಟು ಬರಬಹುದಿತ್ತಲ್ಲ’ ಎಂಬ ಮಾತು ಕೇಳಿದವರಿಗೆ ಗೊತ್ತು.

ಕೂಟದಲ್ಲಿ ಮೊದಲ ಕೆಲಸ ಕೇಳುವುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ‘ನೀವು ಹೀಗೆ ಮಾಡಬೇಕಿತ್ತು’ ಎಂದು ಬಾಯಿ ಹಾಕಬಾರದು. ಸಲಹೆ ಬೇಕೇ ಎಂದು ಕೇಳಿ, ಬೇಕೆಂದರೆ ಕೊಡಿ. ‘ದೇವರು ಗಟ್ಟಿಯವರಿಗೇ ಇಂಥ ಮಕ್ಕಳನ್ನು ಕೊಡುತ್ತಾನೆ’ ಎಂಬ ಮಾತನ್ನು ದಯವಿಟ್ಟು ಹೊಸ್ತಿಲ ಹೊರಗೆ ಬಿಟ್ಟು ಬನ್ನಿ. ನಾಲ್ಕು ರಾತ್ರಿ ನಿದ್ದೆಗೆಟ್ಟವಳಿಗೆ ಅದರಿಂದ ಸಿಗುವುದು ಸಮಾಧಾನವಲ್ಲ, ದಣಿದೆ ಎಂದು ಹೇಳಲೂ ಬಾರದ ಕಟ್ಟುಪಾಡು. ಒಂದು ಮಗುವನ್ನು ಇನ್ನೊಂದಕ್ಕೆ ಹೋಲಿಸಬಾರದು. ಅಲ್ಲಿ ಕೇಳಿದ್ದು ಪೇಟೆಯ ಬಸ್ ನಿಲ್ದಾಣಕ್ಕೆ ಹೋಗಬಾರದು.

ಮಾತಿನ ನಡುವೆ ದಾಟುವ ಸಣ್ಣಪುಟ್ಟ ತಿಳಿವಳಿಕೆಯೂ ಕೂಟದ ದೊಡ್ಡ ಲಾಭ. ನುಂಗಲು ಕಷ್ಟವಿರುವ ಮಗುವಿಗೆ ನೀರಿಗಿಂತ ಮಂದವಾದ ಗಂಜಿ ಸುಲಭ. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಕಿವುಚಿ, ಮಗುವನ್ನು ಆದಷ್ಟು ನೆಟ್ಟಗೆ ಕುಳ್ಳಿರಿಸಿ, ಗಲ್ಲ ತುಸು ಕೆಳಗೆ ಬರುವಂತೆ ಹಿಡಿದು ಉಣಿಸಬೇಕು. ಮಲಗಿಸಿಕೊಂಡು ಬಾಯಿಗೆ ಸುರಿದರೆ ಅನ್ನ ಶ್ವಾಸಕೋಶಕ್ಕೆ ಇಳಿದು, ಮತ್ತೆ ಮತ್ತೆ ಕಫ, ನ್ಯುಮೋನಿಯಾ ಆಗುತ್ತದೆ. ಫಿಟ್ಸ್ ಬಂದಾಗ ಕೈಗೆ ಬೀಗದ ಕೀ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಚಮಚ ತುರುಕುವುದರಿಂದ ಹಲ್ಲು ಮುರಿದೀತು. ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಎಚ್ಚರ ಬಾರದೆ ಮತ್ತೊಂದು ಬಂದರೆ ಆಸ್ಪತ್ರೆಗೆ ಒಯ್ಯಲೇಬೇಕು. ಫಿಟ್ಸಿನ ಮಾತ್ರೆಯನ್ನು ‘ಈಗ ಗುಣವಿದೆ’ ಎಂದು ನಡುವೆ ನಿಲ್ಲಿಸುವುದು ಅಪಾಯ. ಮಾತ್ರೆ ಮುಗಿಯುವ ವಾರ ಮೊದಲೇ ತರಿಸಬೇಕು. ಐದು ಮನೆಯವರಿಗೂ ಬೇಕಾದ ಮಾತ್ರೆಯನ್ನು ಪೇಟೆಗೆ ಹೋದ ಒಬ್ಬರೇ ತಂದರೆ ನಾಲ್ವರ ಬಸ್ಸಿನ ಖರ್ಚೂ ಅರ್ಧ ದಿನವೂ ಉಳಿಯುತ್ತದೆ.

ಈಗ ನಿಮ್ಮ ಸ್ವಂತ ದೇಹದ ಕಡೆಗೆ ಬರೋಣ. ಎರಡು ವರ್ಷದ ಮಗುವನ್ನು ಎತ್ತಿದ ಹಾಗೆಯೇ ಹದಿನಾಲ್ಕು ವರ್ಷದವನನ್ನೂ ಎತ್ತುತ್ತಿದ್ದೀರಿ. ಮಗ ಬೆಳೆದ, ನಿಮ್ಮ ಬೆನ್ನು ಬೆಳೆಯಲಿಲ್ಲ. ಈ ಮನೆಗಳ ತಾಯಂದಿರಲ್ಲಿ ಸೊಂಟನೋವಿಲ್ಲದವರನ್ನು ಹುಡುಕಬೇಕು. ನೆಲದಿಂದ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಚಿ ಕುಳಿತು, ಮಗುವನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದಿಂದ ಏಳಿ. ಎತ್ತಿಕೊಂಡ ಮೇಲೆ ಸೊಂಟವನ್ನಷ್ಟೇ ತಿರುಗಿಸದೆ ಪಾದ ಸಮೇತ ತಿರುಗಿ. ಮಗು ದೊಡ್ಡದಾದರೆ ಒಬ್ಬರೇ ಎತ್ತುವ ಹಠ ಬೇಡ. ಗಟ್ಟಿ ಹೊದಿಕೆಯ ಮೇಲೆ ಮಲಗಿಸಿ ಇಬ್ಬರು ನಾಲ್ಕು ತುದಿ ಹಿಡಿದರೆ ಸಲೀಸು. ಮಲಗುವ ಮಂಚ ನಿಮ್ಮ ಸೊಂಟದ ಎತ್ತರಕ್ಕಿದ್ದರೆ ಬಟ್ಟೆ ಬದಲಿಸಲು ಬಗ್ಗಬೇಕಾಗಿಲ್ಲ. ಹಾಗೆ ಎತ್ತರದಲ್ಲಿ ಮಲಗಿಸಿದರೆ ಬೀಳದಂತೆ ಬದಿಗೆ ತಡೆ ಇರಬೇಕು. ಸ್ನಾನಕ್ಕೆ ಕೈ ಇರುವ ಪ್ಲಾಸ್ಟಿಕ್ ಕುರ್ಚಿಯೊಂದರ ಸೀಟಿಗೆ ನಾಲ್ಕು ತೂತು ಕೊರೆದರೆ ನೀರು ಇಳಿಯುತ್ತದೆ, ಕೆಲಸವೂ ಹಗುರವಾಗುತ್ತದೆ. ಮಲಗಿದಲ್ಲೇ ಇರುವ ಮಗುವನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆನ್ನುತ್ತಾರೆ. ಅದನ್ನು ಹಗಲಿರುಳು ಒಬ್ಬರೇ ಮಾಡಬೇಕೆಂದು ಯಾರೂ ಹೇಳಿಲ್ಲ.

ನಿದ್ದೆಯ ಲೆಕ್ಕ ಇನ್ನೂ ಮುಖ್ಯ. ಮಿದುಳಿನ ತೊಂದರೆ ಇರುವ ಅನೇಕ ಮಕ್ಕಳಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಮಗು ಎರಡು ಗಂಟೆಗೆ ಎದ್ದರೆ ತಾಯಿಯೂ ಏಳುತ್ತಾಳೆ. ಬೆಳಗ್ಗೆ ಐದಕ್ಕೆ ಅವಳ ಅಡುಗೆಮನೆ ಕಾಯುತ್ತಿರುತ್ತದೆ. ಹೀಗೆ ತಿಂಗಳುಗಳು ಕಳೆದಾಗ ಸಿಟ್ಟು, ಮರೆವು, ಅಳು, ಎದೆಬಡಿತ ಶುರುವಾಗುತ್ತದೆ. ಇದು ಸ್ವಭಾವದ ದೋಷವಲ್ಲ, ನಿದ್ದೆಗೇಡಿನ ಫಲ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ರಾತ್ರಿಯನ್ನು ಪಾಲು ಮಾಡಿ: ಒಂದು ಗಂಟೆಯ ತನಕ ಒಬ್ಬರು, ಆಮೇಲೆ ಇನ್ನೊಬ್ಬರು. ಮಗುವಿನ ನಿದ್ದೆಯ ತೊಂದರೆಗೂ ಚಿಕಿತ್ಸೆ ಇದೆ. ಡಾಕ್ಟರರ ಬಳಿ ಫಿಟ್ಸಿನ ವಿಷಯ ಹೇಳುವಾಗ ಅದನ್ನೂ ಹೇಳಿ. ‘ಅದು ಸಣ್ಣ ವಿಷಯ’ ಎಂದು ನುಂಗಬೇಡಿ. ಶಿಬಿರಕ್ಕೆ ಹೋದಾಗ, ಮಗುವಿನ ಸರದಿ ಮುಗಿದ ಮೇಲೆ ನಿಮ್ಮ ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ ನೋಡಿಸಿಕೊಂಡೇ ಬನ್ನಿ. ಕೂಟದವರೆಲ್ಲ ಒಂದೇ ಜೀಪಿನಲ್ಲಿ ಹೋದರೆ ಒಬ್ಬರನ್ನೊಬ್ಬರು ದಬ್ಬಿಯಾದರೂ ಈ ಕೆಲಸ ಆಗುತ್ತದೆ.

ಇಲ್ಲಿ ಅಪ್ಪಂದಿರ ಮಾತೂ ಬರಬೇಕು. ಕೆಲವರು ಮಂಗಳೂರಿಗೋ ಕೊಲ್ಲಿಗೋ ದುಡಿಯಲು ಹೋಗಿರುತ್ತಾರೆ. ಅವರ ಹಣವೇ ಮನೆಯ ಮಾತ್ರೆ. ಕೆಲವರು ಮನೆಯಲ್ಲಿದ್ದೂ ಮೌನಿಗಳು. ಗಂಡಸು ಅಳಬಾರದು ಎಂಬ ಪಾಠ ಕಲಿತು ಬೆಳೆದವರು ದುಃಖವನ್ನು ಸಿಟ್ಟಾಗಿಯೋ ಕುಡಿತವಾಗಿಯೋ ಹೊರಗೆ ಹಾಕುತ್ತಾರೆ. ಅಪ್ಪಂದಿರನ್ನು ತಾಯಂದಿರ ಕೂಟದಲ್ಲಿ ಮೂಲೆಗೆ ಕೂರಿಸಿದರೆ ಬಾಯಿ ಬಿಡುವುದಿಲ್ಲ. ಅವರಿಗೊಂದು ಕೆಲಸ ಬೇಕು. ಗಾಲಿಕುರ್ಚಿ ಹೋಗಲು ಅಂಗಳದ ಮೆಟ್ಟಿಲನ್ನು ಇಳಿಜಾರು ಮಾಡುವುದು, ಐದು ಮನೆಗೂ ಸ್ನಾನದ ಕುರ್ಚಿ ಸಿದ್ಧಪಡಿಸುವುದು ಇಂಥವು. ಕೈಯಲ್ಲಿ ಹಾರೆ ಇದ್ದಾಗ ಅವರೂ ಮಾತಾಡುತ್ತಾರೆ.

ಒಡಹುಟ್ಟಿದವರನ್ನು ಮರೆಯುವುದು ಸುಲಭ. ಹತ್ತು ವರ್ಷದ ಅಕ್ಕ ಪುಟ್ಟ ತಾಯಿಯಾಗಿರುತ್ತಾಳೆ, ಶಾಲೆಯ ಪ್ರವಾಸಕ್ಕೆ ತಾನಾಗಿಯೇ ‘ಬರುವುದಿಲ್ಲ’ ಎಂದಿರುತ್ತಾಳೆ. ವಾರದಲ್ಲಿ ಒಂದು ಗಂಟೆಯಾದರೂ ಅವಳಿಗಾಗಿಯೇ ಇರಲಿ.

ಬಿಡುವು ಎಲ್ಲಿಂದ ತರುವುದು ಎಂದು ಕೇಳುತ್ತೀರಿ. ಅದು ನ್ಯಾಯವಾದ ಪ್ರಶ್ನೆ. ಕೇರಳದಲ್ಲಿ ಸ್ಥಳೀಯ ಪಂಚಾಯತುಗಳು ಕುಟುಂಬಶ್ರೀಯ ಜೊತೆ ಸೇರಿ ನಡೆಸುವ ಬಡ್ಸ್ ಶಾಲೆಗಳಿವೆ. ಮೊದಲನೆಯದು 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಲ್ಲಿ ಆರಂಭವಾಯಿತು. 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳಲ್ಲೂ ಇವು ಬಂದಿವೆ. ಮಗು ಅಲ್ಲಿ ಕಲಿಯುವುದು ಎಷ್ಟೋ, ಅದಕ್ಕಿಂತ ಮೊದಲು ಮನೆಯಲ್ಲಿರುವವರಿಗೆ ಹಗಲಿನ ಐದಾರು ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ನಿದ್ದೆ ಮಾಡಿದರೆ ಪಾಪವಲ್ಲ. ‘ಮಗುವನ್ನು ಯಾರದೋ ಕೈಗೆ ಕೊಟ್ಟು ಮಲಗಿದ್ದಾಳೆ’ ಎನ್ನುವ ಅತ್ತೆಗೆ ಬೇಕಾದರೆ ಒಂದು ರಾತ್ರಿಯ ಸರದಿ ಕೊಟ್ಟು ನೋಡಿ!

ಇಂಥ ಕೇಂದ್ರವಿಲ್ಲದ ಕಡೆ ಕೂಟವೇ ಬಿಡುವನ್ನು ಹುಟ್ಟಿಸಬೇಕು. ಬುಧವಾರ ಮಧ್ಯಾಹ್ನ ನಿಮ್ಮ ಮಗು ನನ್ನಲ್ಲಿ, ಶನಿವಾರ ನನ್ನ ಮಗು ನಿಮ್ಮಲ್ಲಿ. ಮೊದಲ ಕೆಲವು ಸಲ ತಾಯಿಯೂ ಜೊತೆಗಿರಲಿ, ಮಗುವಿಗೆ ಮನೆ, ಮುಖ, ದನಿ ಪರಿಚಯವಾಗಲಿ. ಬಳಿಕ ಅರ್ಧ ಗಂಟೆ, ಆಮೇಲೆ ಎರಡು ಗಂಟೆ. ಫಿಟ್ಸ್ ಬರುವ ಮಗುವಾದರೆ ಏನು ಮಾಡಬೇಕೆಂದು ನೋಡಿಕೊಳ್ಳುವವರಿಗೆ ಮೊದಲೇ ತೋರಿಸಿರಬೇಕು. ನೆಂಟರಿಗಿಂತ ಈ ವಿನಿಮಯ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಇಲ್ಲಿ ಉಪಕಾರದ ಭಾರವಿಲ್ಲ, ಮುಯ್ಯಿಯ ಲೆಕ್ಕವಿದೆ. ನಾಟಿಯ ಕಾಲದಲ್ಲಿ ಮುಯ್ಯಾಳು ಕಂಡ ಊರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಕೂಟ ಒಡೆಯುವ ಜಾಗವನ್ನೂ ಹೇಳಬೇಕು. ಕಾಸರಗೋಡಿನಲ್ಲಿ ಅದು ‘ಪಟ್ಟಿ’. ಸರಕಾರದ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ಪರಿಹಾರ, ಪಿಂಚಣಿ, ಚಿಕಿತ್ಸೆ. ಇಲ್ಲದಿದ್ದರೆ ಅದೇ ಕಾಯಿಲೆಯ ಪಕ್ಕದ ಮನೆಯ ಮಗುವಿಗೆ ಅದು ಯಾವುದೂ ಇಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಸಂತ್ರಸ್ತರೆಲ್ಲರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ನೋಡಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ನ್ಯಾಯಾಲಯಕ್ಕೆ ಹೋದ 8 ಮಂದಿಗೆ. ನ್ಯಾಯಾಲಯ ಗದರಿಸಿದ ಮೇಲೆಯೇ ವಿತರಣೆಗೆ ವೇಗ ಬಂದದ್ದು. ಈ ನಡುವೆ, 2019ರ ಜನವರಿ 30ರಿಂದ ತಾಯಂದಿರು ಮಕ್ಕಳೊಂದಿಗೆ ಐನೂರು ಕಿಲೋಮೀಟರಿಗೂ ಮಿಕ್ಕಿ ದೂರದ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯಟಿನ ಮುಂದೆ ಕುಳಿತಿದ್ದರು. ಬಿಟ್ಟುಹೋದ ಮಕ್ಕಳ ಹೆಸರನ್ನು ಸೇರಿಸುವ ಒಪ್ಪಿಗೆ ಸಿಕ್ಕಿದ ಮೇಲೆ ಎದ್ದರು. ಹಾಗೆ ಕುಳಿತವರಲ್ಲಿ ಎಲ್ಲರೂ ಮಾತುಗಾರರಲ್ಲ. ಅವರನ್ನು ಅಷ್ಟು ದೂರ ಒಯ್ದದ್ದು, ಮೊದಲು ಊರಿನಲ್ಲಿ ಒಬ್ಬರ ಮಗುವನ್ನು ಇನ್ನೊಬ್ಬರು ಹಿಡಿದುಕೊಂಡ ಬಲ.

ಆದರೂ ಪಟ್ಟಿಯ ಒಳಗಿನವರು, ಹೊರಗಿನವರು ಎಂಬ ಗೆರೆ ಕೂಟದ ಒಳಗೆ ಬರಬಾರದು. ಹಣ ಬಂದ ಮನೆಯ ಮೇಲೆ ಕಣ್ಣು ಬೀಳುವುದು, ಬಾರದ ಮನೆಯವರು ದೂರವಾಗುವುದು ನಡೆಯದ ಸಂಗತಿಯೇನಲ್ಲ. ಸೊಂಟನೋವಿಗೆ ಪಟ್ಟಿ ಗೊತ್ತಿಲ್ಲ. ರಾತ್ರಿ ಎರಡು ಗಂಟೆಗೂ ಗೊತ್ತಿಲ್ಲ. ಆದ್ದರಿಂದ ಅರ್ಜಿ, ಪರಿಹಾರದ ವಿಚಾರಕ್ಕೆ ಬೇರೆ ದಿನ ಇಟ್ಟುಕೊಂಡು, ಕೇಳುವ, ಆರೈಕೆಯ ಕೂಟಕ್ಕೆ ಎಲ್ಲರನ್ನೂ ಕರೆಯುವುದು ಲೇಸು. ಛಾಯಾಚಿತ್ರದ ವಿಷಯದಲ್ಲೂ ಒಂದು ಕಟ್ಟು ಇರಲಿ. ಈ ಜಿಲ್ಲೆಯ ಮಕ್ಕಳ ಚಿತ್ರಗಳು ಜಗತ್ತನ್ನೇ ಸುತ್ತಿ ಬಂದಿವೆ. ಅವುಗಳಿಂದ ಉಪಕಾರವಾದದ್ದು ನಿಜ. ಆದರೆ ತೆಗೆದವರು ಕೇಳಿದ್ದರೇ, ಮತ್ತೆ ಬಂದಿದ್ದರೇ ಎಂದು ತಾಯಂದಿರು ಕೇಳುವುದೂ ನಿಜ. ಯಾರೇ ಬಂದರೂ ‘ಬೇಡ’ ಎನ್ನುವ ಹಕ್ಕು ಹೆತ್ತವರಿಗಿದೆ. ಕೂಟದ ಮೊಬೈಲ್ ಗುಂಪಿನಲ್ಲೂ ಮಗುವಿನ ಚಿತ್ರ ಹಾಕುವ ಮೊದಲು ಒಂದು ಮಾತು ಕೇಳಿ. ಓದುಬರಹ ಕಷ್ಟವಾದವರಿಗೆ ಧ್ವನಿ ಸಂದೇಶವೇ ಸಾಕು. ಅದು ತುಳುವಿನಲ್ಲಿರಲಿ, ಕನ್ನಡದಲ್ಲಿರಲಿ. ಆ ಗುಂಪಿಗೆ ‘ಮೂರು ತಿಂಗಳಲ್ಲಿ ಗುಣ’ ಎಂದು ಬರುವ ಔಷಧಿ ವ್ಯಾಪಾರಿಗಳನ್ನು ಸೇರಿಸಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು.

ಭಾಷೆಯ ಮಾತು ಬಂತು. ಗಡಿನಾಡಿನ ನಮಗೆ ಇದು ಎರಡನೆಯ ಹೊರೆ. ಮಗುವಿನ ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿ, ಅರ್ಜಿ ಮಲಯಾಳದಲ್ಲಿ, ಅಳು ಕನ್ನಡದಲ್ಲಿ. ಸೊಲ್ಲಾಪುರದ ಕಡೆಯವರಿಗೆ ಅರ್ಜಿ ಮರಾಠಿಯಲ್ಲಿ, ತಾಳವಾಡಿಯವರಿಗೆ ತಮಿಳಿನಲ್ಲಿ, ಮಡಕಶಿರದವರಿಗೆ ತೆಲುಗಿನಲ್ಲಿ. ಸಂವಿಧಾನದ 350ನೆಯ ಅನುಚ್ಛೇದದಂತೆ, ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಹಕ್ಕಿದೆ ಎಂದು ಕೆಲಸ ಬೇಗ ಆಗುತ್ತದೆಂದಲ್ಲ. ಕೂಟದಲ್ಲಿ ಆ ರಾಜ್ಯದ ಭಾಷೆ ಓದಬಲ್ಲ ಒಬ್ಬರಿದ್ದರೆ, ಕಾಲೇಜಿಗೆ ಹೋಗುವ ಯಾರದೋ ಮಗಳಾದರೂ ಆಗಬಹುದು, ಎಲ್ಲರ ಅರ್ಜಿಯನ್ನೂ ಒಂದೇ ದಿನ ಕುಳಿತು ತುಂಬಿಸಿ. ಕನ್ನಡದ ಮೂಲಪ್ರತಿ ನಿಮ್ಮಲ್ಲಿರಲಿ.

ಕಾಗದಗಳಲ್ಲಿ ಮುಖ್ಯವಾದವು ಕೆಲವೇ. ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಗುರುತಿನ ಚೀಟಿ ದೇಶದಲ್ಲೆಲ್ಲ ನಡೆಯುತ್ತದೆ. ಕಾಸರಗೋಡಿನವರು ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುವಾಗಲೂ ಉಪಯೋಗಕ್ಕೆ ಬರುತ್ತದೆ. ಪಿಂಚಣಿ ಮಾತ್ರ ಆಯಾ ರಾಜ್ಯದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಇದೆ. ಅದರ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಪ್ರತಿವರ್ಷ ನವೀಕರಿಸಬೇಕು. ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೇ ಕೊಡುವ ‘ಆಶ್ವಾಸಕಿರಣಂ’ ಎಂಬ ಸಹಾಯಧನವಿದೆ. ಬಹುಕಾಲ ಅದು ತಿಂಗಳಿಗೆ 600 ರೂಪಾಯಿ, ಅದೂ ತಿಂಗಳುಗಟ್ಟಲೆ ಬಾಕಿ. ಮೊತ್ತ ಸಣ್ಣದು. ಆದರೂ ನೋಡಿಕೊಳ್ಳುವುದು ಒಂದು ದುಡಿಮೆ ಎಂದು ಸರಕಾರದ ಕಾಗದ ಒಪ್ಪಿಕೊಂಡದ್ದು ಸಣ್ಣದಲ್ಲ. ಹೆತ್ತವರ ಸಂಘಗಳು ದೇಶಮಟ್ಟದಲ್ಲೂ ಒಕ್ಕೂಟ ಕಟ್ಟಿಕೊಂಡಿವೆ; ‘ಪರಿವಾರ್’ ಎಂಬುದು ಅಂಥ ಒಂದು.

ಇಷ್ಟೆಲ್ಲ ಇದ್ದೂ ಕೆಲವು ದಿನ ಕತ್ತಲೆ ಕವಿಯುತ್ತದೆ. ‘ನಾನೂ ಮಗುವೂ ಒಟ್ಟಿಗೆ ಹೋಗಿಬಿಟ್ಟರೆ’ ಎಂಬ ಯೋಚನೆ ಅನೇಕ ತಾಯಂದಿರಿಗೆ ಒಂದಲ್ಲ ಒಂದು ದಿನ ಬಂದಿರುತ್ತದೆ. ಬಂದದ್ದಕ್ಕೆ ನಾಚಿಕೆ ಬೇಡ, ಆದರೆ ಅದನ್ನು ಒಳಗೆ ಇಟ್ಟುಕೊಳ್ಳಬೇಡಿ. ಎರಡು ವಾರಕ್ಕೂ ಮಿಕ್ಕಿ ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಮದ್ದಿದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ 14416ಕ್ಕೆ ಹಗಲುರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಕೂಟದಲ್ಲಿ ಯಾರಾದರೂ ಇಂಥ ಮಾತಾಡಿದರೆ ‘ಛೆ, ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ಅಂದು ರಾತ್ರಿ ಅವರ ಮನೆಯಲ್ಲಿ ಒಬ್ಬರು ಉಳಿಯಿರಿ, ಬೆಳಗ್ಗೆ ಜೊತೆಗೆ ಆಸ್ಪತ್ರೆಗೆ ಹೋಗಿ.

ಆ ಕತ್ತಲೆಯ ಬೇರು ಬಹಳ ಸಲ ಒಂದೇ ಪ್ರಶ್ನೆಯಲ್ಲಿರುತ್ತದೆ: ನಮ್ಮ ನಂತರ ಇವನಿಗೆ ಯಾರು? ಇದಕ್ಕೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಆದರೆ ಮಾಡಿಡಬಹುದಾದ ಕೆಲಸ ಎರಡಿವೆ. ಮಗುವಿಗೆ 18 ತುಂಬಿದ ಮೇಲೆ ಹೆತ್ತವರೂ ಕಾನೂನಿನ ಕಣ್ಣಿಗೆ ತಾವಾಗಿಯೇ ಪೋಷಕರಲ್ಲ. ಮೇಲೆ ಹೇಳಿದ ನಾಲ್ಕು ಬಗೆಯ ಅಂಗವೈಕಲ್ಯಕ್ಕೆ, ಜಿಲ್ಲಾಧಿಕಾರಿಯವರ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಪೋಷಕತ್ವ ಪಡೆಯಬೇಕು. ಮುಂದೆ ಆ ಹೊಣೆ ಹೊರಲು ಒಪ್ಪುವ ಸಂಬಂಧಿಕರು ಯಾರೆಂದು ಈಗಲೇ ಬಾಯಿಬಿಟ್ಟು ಮಾತಾಡಿಟ್ಟಿರಬೇಕು.

ಎರಡನೆಯದು ನೂರು ಪುಟದ ಒಂದು ನೋಟುಪುಸ್ತಕ. ಮಾತ್ರೆಯ ಹೆಸರು, ಹೊತ್ತು, ಡಾಕ್ಟರರ ದೂರವಾಣಿ ಮೊದಲ ಪುಟದಲ್ಲಿ. ಆಮೇಲೆ ನೀವು ಮಾತ್ರ ಬಲ್ಲ ಸಂಗತಿಗಳು: ಹೊಟ್ಟೆನೋವು ಬಂದಾಗ ಎಡಕಿವಿ ತಿಕ್ಕುತ್ತಾನೆ, ಮಿಕ್ಸಿಯ ಸದ್ದಿಗೆ ಹೆದರುತ್ತಾಳೆ, ಗಂಜಿಗೆ ಉಪ್ಪು ಹೆಚ್ಚಾದರೆ ಉಗುಳುತ್ತಾನೆ, ಚೆಂಡೆ ಕೇಳಿದರೆ ನಗುತ್ತಾಳೆ, ಮಲಗುವ ಮೊದಲು ಬಲಗೈ ಹಿಡಿದುಕೊಳ್ಳಬೇಕು. ಒಂದೇ ಸಲಕ್ಕೆ ಬರೆಯಲಾಗದು. ಕೂಟದಲ್ಲಿ ಒಬ್ಬರು ಕೇಳುತ್ತ ಹೋದರೆ ಇನ್ನೊಬ್ಬರಿಗೆ ನೆನಪಾಗುತ್ತದೆ. ಬರೆಯುವಾಗ ಎಡಪುಟದಲ್ಲಿ ಕನ್ನಡ ಇರಲಿ. ಎದುರಿನ ಪುಟ ಖಾಲಿ ಬಿಟ್ಟು, ಅದನ್ನೇ ಮಲಯಾಳದಲ್ಲಿ ಬರೆಸಿ; ನಿಮ್ಮ ರಾಜ್ಯ ಬೇರೆಯಾದರೆ ಅಲ್ಲಿಯ ಭಾಷೆಯಲ್ಲಿ. ಬಡ್ಸ್ ಶಾಲೆಯ ಟೀಚರಿಗೂ ಆಸ್ಪತ್ರೆಯ ನರ್ಸಿಗೂ ಓದಲು ಬರುವುದು ಆ ಪುಟ.